ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರದ ನೀರಿನ ತಾಪಮಾನ

ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರದ ನೀರಿನ ತಾಪಮಾನವು ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿ ಈಜುವವರು, ಅಲೆ ಸವಾರರು, ಮುಳುಗುಗಾರರು ಮತ್ತು ಮೀನುಗಾರರ ಸುರಕ್ಷತೆಯನ್ನು ನಿರ್ಧರಿಸುವ ಪ್ರಮುಖ ಅಂಶಗಳಲ್ಲಿ ಒಂದು. ಈ ರಾಜ್ಯವು ಬಿಸಿಲು ಮತ್ತು ಮರಳುತೀರಗಳಿಗೆ ಹೆಸರಾಗಿದ್ದರೂ ಅದರ ಉತ್ತರ ಮತ್ತು ಮಧ್ಯಭಾಗದ ಕಡಲು ವರ್ಷವಿಡೀ ತಣ್ಣಗಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಬಳಿ ನೀರಿನ ತಾಪಮಾನವು ಸಾಮಾನ್ಯವಾಗಿ 10ರಿಂದ 16 ಡಿಗ್ರಿ ಸೆಲ್ಸಿಯಸ್‌ಗಳ ನಡುವೆ ಇರುತ್ತದೆ. ಒಳನಾಡಿನಲ್ಲಿ 35 ಡಿಗ್ರಿ ಬಿಸಿಲಿರುವ ಜೂನ್ ತಿಂಗಳಲ್ಲಿಯೂ ತೆರೆದ ಕಡಲಿನ ನೀರು 11–12 ಡಿಗ್ರಿಯಷ್ಟೇ ಇರಬಹುದು. ದಕ್ಷಿಣದ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ತೀರಗಳಲ್ಲಿ ಮಾತ್ರ ಬೇಸಿಗೆಯ ನೀರು 20 ಡಿಗ್ರಿಯ ಆಸುಪಾಸಿಗೆ ಏರುತ್ತದೆ.

ಈ ತಂಪಿಗೆ ಉತ್ತರದಿಂದ ಹರಿದು ಬರುವ ಕ್ಯಾಲಿಫೋರ್ನಿಯಾ ಪ್ರವಾಹ ಮತ್ತು ಗಾಳಿಯ ಪ್ರಭಾವದಿಂದ ಆಳದ ನೀರು ಮೇಲಕ್ಕೆ ಬರುವ ಕ್ರಿಯೆ ಮುಖ್ಯ ಕಾರಣಗಳು. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಹಠಾತ್ತನೆ ಇಳಿದಾಗ ಉಂಟಾಗುವ ಶೀತ ಆಘಾತವು ನುರಿತ ಈಜುಗಾರರಿಗೂ ಪ್ರಾಣಾಪಾಯಕಾರಿ. ಆದ್ದರಿಂದ ಈ ಕರಾವಳಿಯಲ್ಲಿ ಗಾಳಿಯ ಬಿಸಿಯನ್ನು ನೋಡಿ ನೀರಿನ ಬಿಸಿಯನ್ನು ಊಹಿಸುವುದು ಸುರಕ್ಷಿತವಲ್ಲ.

## ತಾಪಮಾನದ ಪ್ರಮಾಣ

ಕ್ಯಾಲಿಫೋರ್ನಿಯಾದ ಕರಾವಳಿಯು ಉತ್ತರದ ಆರೆಗಾನ್ ಗಡಿಯಿಂದ ದಕ್ಷಿಣದ ಮೆಕ್ಸಿಕೊ ಗಡಿಯವರೆಗೆ ಸುಮಾರು 1,350 ಕಿಲೋಮೀಟರ್ ಉದ್ದವಿದೆ. ಕೆಲವು ಸ್ಥಳಗಳಲ್ಲಿ ತೀರದ ಸಮೀಪದ ನೀರಿನ ಸರಾಸರಿ ತಾಪಮಾನವು ಸ್ಥೂಲವಾಗಿ ಕೆಳಗಿನಂತಿದೆ. ಹೋಲಿಕೆಗಾಗಿ ಅಮೆರಿಕದ ಪೂರ್ವ ತೀರದ ಒಂದು ಸ್ಥಳವನ್ನೂ ಮಂಗಳೂರನ್ನೂ ಸೇರಿಸಲಾಗಿದೆ.

| ಸ್ಥಳ | ಅಕ್ಷಾಂಶ (ಉತ್ತರ) | ಅತಿ ತಂಪಿನ ತಿಂಗಳು (°ಸೆ.) | ಅತಿ ಬೆಚ್ಚನೆಯ ತಿಂಗಳು (°ಸೆ.) |
|---|---|---|---|
| ಕ್ರೆಸೆಂಟ್ ಸಿಟಿ | 41.7° | 10–11 | 14–15 |
| ಸ್ಯಾನ್ ಫ್ರಾನ್ಸಿಸ್ಕೊ | 37.8° | 11–12 | 15–16 |
| ಮಾಂಟೆರೆ | 36.6° | 11–13 | 15–16 |
| ಸಾಂಟಾ ಬಾರ್ಬರಾ | 34.4° | 13–14 | 18–19 |
| ಸಾಂಟಾ ಮೋನಿಕಾ | 34.0° | 14–15 | 19–21 |
| ಲಾ ಹೋಯಾ (ಸ್ಯಾನ್ ಡಿಯೇಗೊ) | 32.9° | 14–15 | 20–22 |
| ವರ್ಜೀನಿಯಾ ಬೀಚ್ (ಪೂರ್ವ ತೀರ) | 36.9° | 5–7 | 25–26 |
| ಮಂಗಳೂರು | 12.9° | 26–28 | 29–31 |

ಈ ಅಂಕಿಗಳು ಮಾಸಿಕ ಸರಾಸರಿಗಳಾಗಿದ್ದು, ಯಾವುದೇ ಒಂದು ದಿನದ ತಾಪಮಾನವು ಇವುಗಳಿಗಿಂತ ಹಲವು ಡಿಗ್ರಿ ಹೆಚ್ಚು ಅಥವಾ ಕಡಿಮೆ ಇರಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಅಂಕಿಗಳು ಕೊಲ್ಲಿಯ ಬಾಯಿಯಲ್ಲಿ ಅಳೆದವು. ಹೊರಗಿನ ತೆರೆದ ಕಡಲು ವಸಂತ ಋತುವಿನಲ್ಲಿ ಇದಕ್ಕಿಂತ ತಣ್ಣಗಿರುತ್ತದೆ.

ಪಟ್ಟಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಾಂಟೆರೆ ಮತ್ತು ವರ್ಜೀನಿಯಾ ಬೀಚ್ ಬಹುತೇಕ ಒಂದೇ ಅಕ್ಷಾಂಶದಲ್ಲಿದ್ದರೂ ಬೇಸಿಗೆಯಲ್ಲಿ ಅವುಗಳ ನೀರಿನ ನಡುವೆ ಸುಮಾರು 10 ಡಿಗ್ರಿಗಳ ಅಂತರವಿದೆ. ಎರಡನೆಯದಾಗಿ, ಚಳಿಗಾಲದಲ್ಲಿ ಈ ಅಂತರ ತಿರುವುಮುರುವಾಗಿ, ಪೂರ್ವ ತೀರದ ನೀರೇ ಹೆಚ್ಚು ತಣ್ಣಗಾಗುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಇರುವ ವ್ಯತ್ಯಾಸ ನಾಲ್ಕೈದು ಡಿಗ್ರಿಯಷ್ಟೇ. ಅಲ್ಲಿ ಈಜಿಗೆ ಬೆಚ್ಚನೆಯ ಋತು ಎಂಬುದು ನಿಜವಾದ ಅರ್ಥದಲ್ಲಿ ಇಲ್ಲ.

ಅಮೆರಿಕದಲ್ಲಿ ನೀರಿನ ತಾಪಮಾನವನ್ನು ಫ್ಯಾರನ್‌ಹೀಟ್ ಮಾನದಲ್ಲಿ ಪ್ರಕಟಿಸುತ್ತಾರೆ. 50 ಡಿಗ್ರಿ ಫ್ಯಾರನ್‌ಹೀಟ್ ಎಂದರೆ 10 ಡಿಗ್ರಿ ಸೆಲ್ಸಿಯಸ್. 55 ಎಂದರೆ 12.8, 60 ಎಂದರೆ 15.6, 65 ಎಂದರೆ 18.3, 70 ಎಂದರೆ 21.1. ಸೆಲ್ಸಿಯಸ್ ಮಾನಕ್ಕೆ ಒಗ್ಗಿದವರು ಕಡಲತೀರದ ಫಲಕದಲ್ಲಿ 55 ಎಂಬ ಅಂಕಿಯನ್ನು ಕಂಡಾಗ ಅದು ಎಷ್ಟು ತಣ್ಣಗಿದೆ ಎಂಬುದು ತಟ್ಟನೆ ಹೊಳೆಯದೆ ಹೋಗಬಹುದು.

## ನೀರು ತಣ್ಣಗಿರಲು ಕಾರಣಗಳು

### ಕ್ಯಾಲಿಫೋರ್ನಿಯಾ ಪ್ರವಾಹ

ಉತ್ತರ ಪೆಸಿಫಿಕ್ ಸಾಗರದ ನೀರು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬೃಹತ್ ಸುತ್ತಾಗಿ ತಿರುಗುತ್ತದೆ. ಈ ಸುತ್ತಿನ ಪೂರ್ವದ ಅಂಚೇ ಕ್ಯಾಲಿಫೋರ್ನಿಯಾ ಪ್ರವಾಹ. ಇದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಡೆಯಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ತಂಪಾದ ನೀರನ್ನು ದಕ್ಷಿಣಕ್ಕೆ ಒಯ್ಯುತ್ತದೆ. ಅಮೆರಿಕದ ಪೂರ್ವ ತೀರದಲ್ಲಿ ಇದಕ್ಕೆ ವಿರುದ್ಧವಾಗಿ ಗಲ್ಫ್ ಸ್ಟ್ರೀಮ್ ಎಂಬ ಪ್ರವಾಹವು ಉಷ್ಣವಲಯದ ಬೆಚ್ಚನೆಯ ನೀರನ್ನು ಉತ್ತರಕ್ಕೆ ತರುತ್ತದೆ.

### ಆಳದ ನೀರಿನ ಮೇಲೇರಿಕೆ

ಪ್ರವಾಹವೊಂದರಿಂದಲೇ ಬೇಸಿಗೆಯ ತಂಪನ್ನು ವಿವರಿಸಲಾಗದು. ಅದಕ್ಕಿಂತ ಮುಖ್ಯವಾದುದು ‘ಅಪ್‌ವೆಲ್ಲಿಂಗ್’ ಎಂದು ಕರೆಯಲಾಗುವ, ಆಳದ ನೀರು ಮೇಲಕ್ಕೇರುವ ಕ್ರಿಯೆ.

ವಸಂತ ಮತ್ತು ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್‌ನ ಮೇಲೆ ಅಧಿಕ ವಾಯುಒತ್ತಡ ನೆಲೆಸಿದ್ದರೆ, ಕಾದ ಒಳನಾಡಿನ ಮೇಲೆ ಒತ್ತಡ ಕಡಿಮೆ ಇರುತ್ತದೆ. ಈ ವ್ಯತ್ಯಾಸದಿಂದ ವಾಯವ್ಯದ ಗಾಳಿಯು ಕರಾವಳಿಗೆ ಸಮಾನಾಂತರವಾಗಿ ದಕ್ಷಿಣದ ಕಡೆಗೆ ಬಲವಾಗಿ ಬೀಸುತ್ತದೆ. ಭೂಮಿಯ ಭ್ರಮಣದ ಪರಿಣಾಮವಾಗಿ ಉತ್ತರ ಗೋಳಾರ್ಧದಲ್ಲಿ ಚಲಿಸುವ ನೀರು ಬಲಕ್ಕೆ ವಾಲುವುದರಿಂದ, ಮೇಲ್ಪದರದ ನೀರಿನ ಒಟ್ಟು ಚಲನೆಯು ಗಾಳಿಯ ದಿಕ್ಕಿಗೆ ಲಂಬವಾಗಿ ಬಲಭಾಗಕ್ಕೆ, ಅಂದರೆ ತೀರದಿಂದ ದೂರಕ್ಕೆ, ಸಾಗುತ್ತದೆ. ಹೀಗೆ ತೆರವಾದ ಸ್ಥಳವನ್ನು ಹತ್ತಾರು ಮೀಟರ್‌ಗಳಿಂದ ಕೆಲವು ನೂರು ಮೀಟರ್‌ಗಳವರೆಗಿನ ಆಳದ ತಣ್ಣನೆಯ ನೀರು ತುಂಬುತ್ತದೆ.

ಗಾಳಿ ಮತ್ತು ನೀರಿನ ಚಲನೆಯ ಈ ಸಂಬಂಧವನ್ನು ಗಣಿತದ ಮೂಲಕ ವಿವರಿಸಿದವನು ಸ್ವೀಡನ್ನಿನ ವಿಜ್ಞಾನಿ ವಾಗ್ನ್ ವಾಲ್ಫ್ರಿಡ್ ಎಕ್ಮನ್. 1893–96ರ ‘ಫ್ರಾಮ್’ ಹಡಗಿನ ಧ್ರುವಯಾತ್ರೆಯಲ್ಲಿ ನಾರ್ವೆಯ ಅನ್ವೇಷಕ ಫ್ರಿಡ್ಜೋಫ್ ನಾನ್ಸೆನ್, ತೇಲುವ ಹಿಮವು ಗಾಳಿಯ ದಿಕ್ಕಿನಲ್ಲಿಯೇ ಸಾಗದೆ ಅದರ ಬಲಕ್ಕೆ ವಾಲಿ ಸಾಗುವುದನ್ನು ಗಮನಿಸಿದ್ದನು. ಅದರ ಕಾರಣವನ್ನು ಹುಡುಕಿದ ಎಕ್ಮನ್ 1905ರಲ್ಲಿ ತನ್ನ ಸಿದ್ಧಾಂತವನ್ನು ವಿಸ್ತಾರವಾಗಿ ಪ್ರಕಟಿಸಿದನು. ಈ ಚಲನೆಗೆ ಇಂದು ‘ಎಕ್ಮನ್ ಸಾಗಣೆ’ ಎಂಬ ಹೆಸರಿದೆ.

ಮೇಲೇರಿಕೆಯು ಏಪ್ರಿಲ್‌ನಿಂದ ಜೂನ್‌ವರೆಗೆ ಅತ್ಯಂತ ಪ್ರಬಲವಾಗಿರುತ್ತದೆ. ಕಡಲಿನೊಳಕ್ಕೆ ಚಾಚಿರುವ ಕೇಪ್ ಮೆಂಡೊಸಿನೊ, ಪಾಯಿಂಟ್ ಅರೀನಾ, ಪಾಯಿಂಟ್ ರೇಯ್ಸ್ ಮತ್ತು ಪಾಯಿಂಟ್ ಸುರ್ ಮುಂತಾದ ಭೂಶಿರಗಳ ಬಳಿ ಇದರ ಪ್ರಭಾವ ಹೆಚ್ಚು. ಎರಡು–ಮೂರು ದಿನ ಗಾಳಿ ಜೋರಾಗಿ ಬೀಸಿದರೆ ತೀರದ ನೀರು ಹಲವು ಡಿಗ್ರಿ ಇಳಿಯಬಹುದು. ಗಾಳಿ ನಿಂತರೆ ಮತ್ತೆ ಏರಬಹುದು.

### ಪಾಯಿಂಟ್ ಕನ್ಸೆಪ್ಷನ್: ಎರಡು ಕಡಲುಗಳ ಗಡಿ

ಸಾಂಟಾ ಬಾರ್ಬರಾದ ಪಶ್ಚಿಮಕ್ಕಿರುವ ಪಾಯಿಂಟ್ ಕನ್ಸೆಪ್ಷನ್ ಎಂಬ ಭೂಶಿರದಲ್ಲಿ ಕರಾವಳಿಯು ತಟ್ಟನೆ ಪೂರ್ವಕ್ಕೆ ತಿರುಗುತ್ತದೆ. ಇಲ್ಲಿಂದ ದಕ್ಷಿಣದ ತೀರವು ವಾಯವ್ಯ ಗಾಳಿಯ ನೇರ ಹೊಡೆತಕ್ಕೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ಪ್ರವಾಹದ ಮುಖ್ಯ ಧಾರೆಯೂ ತೀರದಿಂದ ದೂರ ಸರಿಯುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ನೀರು ಬೆಚ್ಚಗಿರುವುದಕ್ಕೆ ಅಕ್ಷಾಂಶಕ್ಕಿಂತಲೂ ತೀರದ ಈ ತಿರುವು ಹೆಚ್ಚಿನ ಕಾರಣ. ಅನೇಕ ಕಡಲಜೀವಿಗಳ ವಾಸಪ್ರದೇಶಕ್ಕೂ ಇದೇ ಭೂಶಿರ ಗಡಿಯಾಗಿದೆ.

### ಮಂಜು

ತೇವಭರಿತ ಗಾಳಿಯು ತಣ್ಣನೆಯ ನೀರಿನ ಮೇಲೆ ಹಾದುಬರುವಾಗ ಅದರಲ್ಲಿನ ಆವಿ ಸಾಂದ್ರೀಕರಿಸಿ ದಟ್ಟ ಮಂಜಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಪ್ರಸಿದ್ಧವಾದ ಬೇಸಿಗೆಯ ಮಂಜಿನ ಮೂಲ ಇದೇ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ಈ ತೀರದ ರೆಡ್‌ವುಡ್ ಮರಗಳಿಗೆ ಮಂಜಿನ ಹನಿಗಳು ನೀರಿನ ಆಸರೆಯಾಗಿವೆ. ಈಜುಗಾರರ ದೃಷ್ಟಿಯಿಂದ ಮಂಜು ಎರಡು ಬಗೆಯಲ್ಲಿ ಪ್ರತಿಕೂಲ: ಅದು ಬಿಸಿಲನ್ನು ತಡೆದು ನೀರಿನಿಂದ ಹೊರಬಂದವರಿಗೆ ಮೈ ಕಾಯಿಸಿಕೊಳ್ಳಲು ಬಿಡುವುದಿಲ್ಲ ಮತ್ತು ತೀರವನ್ನು ಕಣ್ಣಿಂದ ಮರೆಮಾಡುತ್ತದೆ.

## ಋತುಮಾನದ ಬದಲಾವಣೆ

ಉತ್ತರ ಮತ್ತು ಮಧ್ಯ ಕ್ಯಾಲಿಫೋರ್ನಿಯಾದ ಕಡಲಿನ ವಾರ್ಷಿಕ ಚಕ್ರವನ್ನು ಮೂರು ಭಾಗಗಳಾಗಿ ನೋಡಬಹುದು.

* ವಸಂತ ಮತ್ತು ಬೇಸಿಗೆಯ ಆರಂಭ: ಗಾಳಿ ಪ್ರಬಲವಾಗಿ, ತೆರೆದ ಕಡಲಿನ ತೀರದಲ್ಲಿ ನೀರು ವರ್ಷದಲ್ಲೇ ಅತಿ ತಣ್ಣಗಿರುವ ಕಾಲ. ಕೆಲವು ಭೂಶಿರಗಳ ಬಳಿ ತಾಪಮಾನವು 8–9 ಡಿಗ್ರಿಗೆ ಇಳಿಯುತ್ತದೆ.
* ಆಗಸ್ಟ್ ಕೊನೆಯಿಂದ ಅಕ್ಟೋಬರ್: ವಾಯವ್ಯ ಗಾಳಿ ಸಡಿಲಗೊಂಡು, ಹೊರಗಡಲಿನ ಬೆಚ್ಚನೆಯ ನೀರು ತೀರಕ್ಕೆ ಮರಳುತ್ತದೆ. ಮಂಜು ಕಡಿಮೆಯಾಗುತ್ತದೆ. ಈಜಿಗೆ ಇದೇ ಹೆಚ್ಚು ಅನುಕೂಲದ ಕಾಲ.
* ಚಳಿಗಾಲ: ಡೇವಿಡ್‌ಸನ್ ಪ್ರವಾಹವೆಂಬ ಧಾರೆಯು ತೀರದುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ನೀರು 11–13 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಬಿರುಗಾಳಿ ಮತ್ತು ಎತ್ತರದ ಅಲೆಗಳಿಂದ ಅಪಾಯ ಹೆಚ್ಚು.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಚಕ್ರವು ಸರಳವಾಗಿದ್ದು, ಜನವರಿ–ಫೆಬ್ರವರಿಯಲ್ಲಿ ಕನಿಷ್ಠ ಮತ್ತು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಗರಿಷ್ಠ ತಾಪಮಾನವಿರುತ್ತದೆ.

## ವರ್ಷದಿಂದ ವರ್ಷಕ್ಕೆ ಕಾಣುವ ವ್ಯತ್ಯಾಸ

ಎಲ್ ನಿನೊ ವರ್ಷಗಳಲ್ಲಿ ಮೇಲ್ಪದರದ ಬೆಚ್ಚನೆಯ ನೀರು ದಪ್ಪವಾಗುವುದರಿಂದ, ಗಾಳಿ ಬೀಸಿದರೂ ಮೇಲೇರುವ ನೀರು ಎಂದಿನಷ್ಟು ತಣ್ಣಗಿರುವುದಿಲ್ಲ. 1982–83, 1997–98 ಮತ್ತು 2015–16ರ ಪ್ರಬಲ ಎಲ್ ನಿನೊಗಳಲ್ಲಿ ಈ ತೀರದ ನೀರು ಗಮನಾರ್ಹವಾಗಿ ಬೆಚ್ಚಗಾಗಿತ್ತು. ಲಾ ನಿನಾ ವರ್ಷಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಸ್ಥಿತಿ ಇರುತ್ತದೆ.

2013ರ ಕೊನೆಯಲ್ಲಿ ಈಶಾನ್ಯ ಪೆಸಿಫಿಕ್‌ನಲ್ಲಿ ಆರಂಭವಾಗಿ 2016ರವರೆಗೆ ಮುಂದುವರಿದ ಸಾಗರದ ಬಿಸಿ ಅಲೆಯನ್ನು ‘ದಿ ಬ್ಲಾಬ್’ ಎಂದು ಕರೆಯುತ್ತಾರೆ. ವಾಷಿಂಗ್ಟನ್ ರಾಜ್ಯದ ಹವಾಮಾನ ತಜ್ಞ ನಿಕ್ ಬಾಂಡ್ ಈ ಹೆಸರನ್ನು ಕೊಟ್ಟರು. ಈಜುಗಾರರಿಗೆ ಹಿತವೆನಿಸಿದ ಈ ಬಿಸುಪು ಕಡಲಜೀವಿಗಳಿಗೆ ಮಾರಕವಾಯಿತು. ವಿಷಕಾರಿ ಪಾಚಿಯ ವ್ಯಾಪಕ ಬೆಳವಣಿಗೆಯಿಂದ 2015ರಲ್ಲಿ ಡಂಜನೆಸ್ ಏಡಿಯ ಹಿಡಿಯುವಿಕೆಯನ್ನು ಮುಂದೂಡಬೇಕಾಯಿತು. ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಎಂಬ ಬೃಹತ್ ಕಡಲಪಾಚಿಯ ಕಾಡುಗಳು ಬಹುಪಾಲು ನಾಶವಾದವು.

ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಕಟ್ಟೆಯಲ್ಲಿ 1916ರಿಂದ ಪ್ರತಿದಿನ ನೀರಿನ ತಾಪಮಾನವನ್ನು ಅಳೆಯಲಾಗುತ್ತಿದೆ. 2018ರ ಆಗಸ್ಟ್ ಆರಂಭದಲ್ಲಿ ಇಲ್ಲಿ 25.9 ಡಿಗ್ರಿ ದಾಖಲಾಗಿ, 1931ರ ದಾಖಲೆಯನ್ನು ಮುರಿಯಿತು.

## ಮಾನವ ದೇಹದ ಮೇಲೆ ಪರಿಣಾಮ

ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಉಷ್ಣವನ್ನು ವಹಿಸುತ್ತದೆ. ಆದ್ದರಿಂದ 15 ಡಿಗ್ರಿಯ ಗಾಳಿ ಕೇವಲ ತಂಪೆನಿಸಿದರೆ, 15 ಡಿಗ್ರಿಯ ನೀರು ಮೈಕೊರೆಯುವಷ್ಟು ತಣ್ಣಗಿರುತ್ತದೆ. ತಣ್ಣೀರಿನಲ್ಲಿ ಸಾವಿಗೆ ದೇಹದ ತಾಪಮಾನದ ಕುಸಿತವೇ ಕಾರಣವೆಂಬುದು ಸಾಮಾನ್ಯ ನಂಬಿಕೆ. ಬ್ರಿಟನ್ನಿನ ಫ್ರಾಂಕ್ ಗೋಲ್ಡನ್ ಮತ್ತು ಮೈಕಲ್ ಟಿಪ್ಟನ್ ಅವರ ಸಂಶೋಧನೆಗಳು, ಅನೇಕರು ದೇಹ ತಣ್ಣಗಾಗುವುದಕ್ಕೆ ಬಹಳ ಮೊದಲೇ ಸಾಯುತ್ತಾರೆ ಎಂಬುದನ್ನು ತೋರಿಸಿದವು. ಅವರು ತಣ್ಣೀರಿನ ಪರಿಣಾಮಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ.

### ಮೊದಲ ಹಂತ: ಶೀತ ಆಘಾತ

ನೀರಿಗಿಳಿದ ಮೊದಲ ಮೂರು ನಿಮಿಷಗಳ ಅವಧಿ ಇದು. ಚರ್ಮ ಹಠಾತ್ತನೆ ತಣ್ಣಗಾದಾಗ ತಡೆಯಲಾಗದಂತೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಂತಾಗುತ್ತದೆ. ಅನಂತರ ಏದುಸಿರು ಆರಂಭವಾಗುತ್ತದೆ. ಹೃದಯಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಉಸಿರು ಬಿಗಿಹಿಡಿಯುವ ಸಾಮರ್ಥ್ಯ ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಮೊದಲ ಏದುಸಿರಿನ ಸಮಯದಲ್ಲಿ ತಲೆ ನೀರಿನೊಳಗಿದ್ದರೆ ಅಥವಾ ಅಲೆ ಮುಖಕ್ಕೆ ಬಡಿದರೆ ನೀರು ಶ್ವಾಸಕೋಶವನ್ನು ಸೇರುತ್ತದೆ. ಈ ಪ್ರತಿಕ್ರಿಯೆಯು 25 ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ಕಾಣಿಸಿಕೊಂಡು, 10ರಿಂದ 15 ಡಿಗ್ರಿಗಳ ನಡುವೆ ಗರಿಷ್ಠ ಮಟ್ಟ ತಲುಪುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಕಡಲು ವರ್ಷದ ಬಹುಭಾಗ ಇರುವುದು ಇದೇ ವ್ಯಾಪ್ತಿಯಲ್ಲಿ.

ಹೃದ್ರೋಗವಿರುವವರಿಗೆ ಈ ಹಂತ ವಿಶೇಷವಾಗಿ ಅಪಾಯಕಾರಿ. ಚರ್ಮದ ತಂಪು ಹೃದಯಬಡಿತವನ್ನು ಹೆಚ್ಚಿಸುವಾಗಲೇ, ಮುಖ ನೀರಿನಲ್ಲಿ ಮುಳುಗಿ ಉಸಿರು ಕಟ್ಟುವುದು ಅದನ್ನು ತಗ್ಗಿಸಲು ಯತ್ನಿಸುತ್ತದೆ. ಈ ಎರಡು ವಿರುದ್ಧ ಸೂಚನೆಗಳ ಘರ್ಷಣೆಯಿಂದ ಹೃದಯದ ಲಯ ತಪ್ಪಬಹುದು.

### ಎರಡನೆಯ ಹಂತ: ಈಜಿನ ಸಾಮರ್ಥ್ಯದ ನಷ್ಟ

ಮೂರರಿಂದ ಮೂವತ್ತು ನಿಮಿಷಗಳ ಅವಧಿಯಲ್ಲಿ ಕೈಕಾಲುಗಳ ಸ್ನಾಯು ಮತ್ತು ನರಗಳು ತಣ್ಣಗಾಗುತ್ತವೆ. ಬೆರಳುಗಳು ಸೆಟೆದುಕೊಂಡು, ಹಿಡಿತ ಸಡಿಲವಾಗಿ, ತೋಳು ಬೀಸುವ ವೇಗ ಮತ್ತು ದೂರ ಕುಗ್ಗುತ್ತವೆ. ದೇಹವು ಸಮತಲವಾಗಿರದೆ ನೆಟ್ಟಗೆ ವಾಲುತ್ತದೆ. ದೇಹದ ಒಳಗಿನ ತಾಪಮಾನ ಇನ್ನೂ ಸಹಜವಾಗಿದ್ದರೂ ಈಜಲು ಆಗುವುದಿಲ್ಲ. ಬೆಚ್ಚನೆಯ ಕೊಳದಲ್ಲಿ ಕಿಲೋಮೀಟರುಗಟ್ಟಲೆ ಈಜುವವರೂ ತಣ್ಣೀರಿನಲ್ಲಿ ತೀರದ ಸಮೀಪದಲ್ಲೇ ಮುಳುಗುವುದಕ್ಕೆ ಇದು ಕಾರಣ.

### ಮೂರನೆಯ ಹಂತ: ಹೈಪೊಥರ್ಮಿಯಾ

ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿಯುವ ಸ್ಥಿತಿಯನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಅರ್ಧ ಗಂಟೆಯ ಅನಂತರವೇ ಬರುತ್ತದೆ. ತೀವ್ರ ನಡುಕ, ಮಾತು ತೊದಲುವುದು, ಗೊಂದಲ ಮತ್ತು ಸರಿಯಾದ ನಿರ್ಧಾರ ತೆಗೆದುಕೊಳ್ಳಲಾಗದಿರುವುದು ಇದರ ಲಕ್ಷಣಗಳು. ಈ ಸ್ಥಿತಿಯಲ್ಲಿರುವವರಿಗೆ ತಾವು ಅಪಾಯದಲ್ಲಿದ್ದೇವೆ ಎಂಬ ಅರಿವೇ ಇಲ್ಲದಿರಬಹುದು. ಮಕ್ಕಳು ಮತ್ತು ತೆಳ್ಳಗಿನ ಮೈಕಟ್ಟಿನವರು ಬೇಗ ತಣ್ಣಗಾಗುತ್ತಾರೆ.

### ನಾಲ್ಕನೆಯ ಹಂತ: ರಕ್ಷಣೆಯ ಸಮಯದ ಕುಸಿತ

ನೀರಿನಿಂದ ಹೊರತೆಗೆಯುವಾಗ ಅಥವಾ ಅದರ ನಂತರವೂ ಕೆಲವರು ಕುಸಿದುಬೀಳುತ್ತಾರೆ. ನೀರಿನ ಒತ್ತಡ ಇಲ್ಲವಾದಾಗ ರಕ್ತದೊತ್ತಡ ಹಠಾತ್ತನೆ ಇಳಿಯುವುದು ಒಂದು ಕಾರಣ. ದಡ ಸೇರಿದ ಮೇಲೂ ಕೈಕಾಲುಗಳ ತಣ್ಣನೆಯ ರಕ್ತ ಮತ್ತು ಅಂಗಾಂಶಗಳಿಂದಾಗಿ ದೇಹದ ಒಳತಾಪಮಾನವು ಇಳಿಯುತ್ತಲೇ ಇರಬಹುದು.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದೇ ಅನುಕ್ರಮವನ್ನು ಜನರು ನೆನಪಿಡುವಂತೆ ‘1–10–1’ ಎಂದು ಸಂಗ್ರಹಿಸಿದ್ದಾರೆ. ಅತಿ ತಣ್ಣನೆಯ ನೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಸ್ವಾಧೀನದಲ್ಲಿರುವ 10 ನಿಮಿಷ ಮತ್ತು ಪ್ರಜ್ಞೆ ತಪ್ಪುವುದಕ್ಕೆ ಮೊದಲು ಸುಮಾರು 1 ಗಂಟೆ ಇರುತ್ತದೆ ಎಂಬುದು ಇದರ ತಾತ್ಪರ್ಯ.

## ತಾಪಮಾನ ಮತ್ತು ಈಜಿನ ಮಾನದಂಡಗಳು

ಸ್ಪರ್ಧೆಯ ಈಜುಕೊಳದ ನೀರನ್ನು 25ರಿಂದ 28 ಡಿಗ್ರಿಗಳ ನಡುವೆ ಇಡಲಾಗುತ್ತದೆ. ತೆರೆದ ನೀರಿನ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ವರ್ಲ್ಡ್ ಅಕ್ವಾಟಿಕ್ಸ್ ಸಂಸ್ಥೆಯು ಕನಿಷ್ಠ 16 ಮತ್ತು ಗರಿಷ್ಠ 31 ಡಿಗ್ರಿಯ ಮಿತಿಯನ್ನು ಹಾಕಿದೆ. 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಈಜುವುದನ್ನು ಹಿಮ ಈಜು ಎಂದು ಪರಿಗಣಿಸಲಾಗುತ್ತದೆ. ಈ ಮಾನದಂಡದಂತೆ ಸ್ಯಾನ್ ಫ್ರಾನ್ಸಿಸ್ಕೊದ ಕಡಲು ವರ್ಷದ ಬಹುತೇಕ ದಿನಗಳಲ್ಲಿ ಸ್ಪರ್ಧೆಯ ಕನಿಷ್ಠ ಮಿತಿಗಿಂತ ತಣ್ಣಗಿರುತ್ತದೆ.

ರಕ್ಷಾ ಉಡುಪಿಲ್ಲದ, ಅಭ್ಯಾಸವಿಲ್ಲದ ವಯಸ್ಕರಿಗೆ ಸ್ಥೂಲವಾಗಿ ಹೀಗೆ ಹೇಳಬಹುದು:

* 24 ಡಿಗ್ರಿಗಿಂತ ಹೆಚ್ಚು: ಹಿತಕರ.
* 20–24 ಡಿಗ್ರಿ: ಇಳಿಯುವಾಗ ತಂಪು, ಚಲಿಸುತ್ತಿದ್ದರೆ ಹಿತ.
* 15–20 ಡಿಗ್ರಿ: ತಣ್ಣಗೆ, ಅಲ್ಪಾವಧಿಯ ಈಜು ಸಾಧ್ಯ.
* 10–15 ಡಿಗ್ರಿ: ಶೀತ ಆಘಾತದ ಅಪಾಯ ತೀವ್ರ, ರಕ್ಷಾ ಉಡುಪು ಅಗತ್ಯ.
* 10 ಡಿಗ್ರಿಗಿಂತ ಕಡಿಮೆ: ಕೆಲವೇ ನಿಮಿಷಗಳಲ್ಲಿ ನೋವು ಮತ್ತು ಮರಗಟ್ಟುವಿಕೆ, ಅನುಭವಿಗಳಿಗೆ ಮಾತ್ರ.

ಅಭ್ಯಾಸದಿಂದ ಶೀತ ಆಘಾತವನ್ನು ತಗ್ಗಿಸಬಹುದು. ಕೆಲವು ನಿಮಿಷಗಳಂತೆ ಐದಾರು ಬಾರಿ ತಣ್ಣೀರಿಗಿಳಿದರೆ ಆ ಪ್ರತಿಕ್ರಿಯೆಯು ಗಣನೀಯವಾಗಿ ಕುಗ್ಗುತ್ತದೆ. ಆದರೆ ಅಭ್ಯಾಸವು ಹೈಪೊಥರ್ಮಿಯಾದಿಂದ ರಕ್ಷಣೆಯ ಭರವಸೆ ಕೊಡುವುದಿಲ್ಲ.

## ರಕ್ಷಾ ಉಡುಪು

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವೆಟ್‌ಸೂಟ್ ಹುಟ್ಟಿ ಬೆಳೆದದ್ದು ಈ ತಣ್ಣನೆಯ ತೀರದಲ್ಲಿಯೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ನೌಕಾಪಡೆಯ ಮುಳುಗುಗಾರರಿಗಾಗಿ ಇದನ್ನು ರೂಪಿಸಿದರು. ಮೈ ಒದ್ದೆಯಾಗದಂತೆ ನೋಡಿಕೊಳ್ಳುವ ಅಗತ್ಯವಿಲ್ಲ, ಶಾಖವನ್ನು ತಡೆದಿಡಲು ಉಡುಪಿನ ವಸ್ತುವಿನಲ್ಲಿರುವ ಅನಿಲದ ಗುಳ್ಳೆಗಳೇ ಸಾಕು ಎಂಬುದು ಅವರ ಮುಖ್ಯ ಒಳನೋಟ. ಇದಕ್ಕೆ ನಿಯೊಪ್ರೀನ್ ಎಂಬ ನೊರೆರಬ್ಬರ್ ಸೂಕ್ತವೆನಿಸಿತು. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ತೆರೆದು, 1959ರಲ್ಲಿ ಸಾಂಟಾ ಕ್ರೂಜ್‌ಗೆ ಸ್ಥಳಾಂತರಗೊಂಡ ಜ್ಯಾಕ್ ಓನೀಲ್ ಈ ಉಡುಪನ್ನು ಅಲೆ ಸವಾರರಲ್ಲಿ ಜನಪ್ರಿಯಗೊಳಿಸಿದರು.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮುಂಡಕ್ಕೆ 4 ಮಿಲಿಮೀಟರ್ ಮತ್ತು ಕೈಕಾಲುಗಳಿಗೆ 3 ಮಿಲಿಮೀಟರ್ ದಪ್ಪದ ಪೂರ್ಣ ಉಡುಪನ್ನು ಧರಿಸುತ್ತಾರೆ. ಹೆಚ್ಚಿನ ತಂಪಿಗೆ ತಲೆಗವಸು, ಕೈಗವಸು ಮತ್ತು ಕಾಲುಚೀಲಗಳನ್ನೂ ಬಳಸುತ್ತಾರೆ. ಉಡುಪು ಮೈಗೆ ಬಿಗಿಯಾಗಿರದಿದ್ದರೆ ತಣ್ಣೀರು ಒಳಹೊರಗೆ ಹರಿದಾಡಿ ಅದರ ಪ್ರಯೋಜನ ಕುಗ್ಗುತ್ತದೆ.

## ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಣ್ಣೀರಿನ ಈಜಿನ ಇತಿಹಾಸ

ಸ್ಯಾನ್ ಫ್ರಾನ್ಸಿಸ್ಕೊದ ಅಕ್ವಾಟಿಕ್ ಪಾರ್ಕ್ ಬಳಿ 1873ರಲ್ಲಿ ಸ್ಥಾಪನೆಯಾದ ಸೌತ್ ಎಂಡ್ ರೋಯಿಂಗ್ ಕ್ಲಬ್ ಮತ್ತು 1877ರಲ್ಲಿ ಸ್ಥಾಪನೆಯಾದ ಡಾಲ್ಫಿನ್ ಕ್ಲಬ್ ಅಕ್ಕಪಕ್ಕದಲ್ಲಿವೆ. ಇವುಗಳ ಸದಸ್ಯರಲ್ಲಿ ಅನೇಕರು ವೆಟ್‌ಸೂಟ್ ಇಲ್ಲದೆ ವರ್ಷವಿಡೀ ಕೊಲ್ಲಿಯಲ್ಲಿ ಈಜುತ್ತಾರೆ. ಡಿಸೆಂಬರ್ 21ರಿಂದ ಮಾರ್ಚ್ 21ರವರೆಗೆ ಒಟ್ಟು 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್ ಈಜುವ ಚಳಿಗಾಲದ ಸವಾಲು ಡಾಲ್ಫಿನ್ ಕ್ಲಬ್ಬಿನ ಸಂಪ್ರದಾಯಗಳಲ್ಲಿ ಒಂದು.

ಕೊಲ್ಲಿಯ ನಡುವೆ, ನಗರದ ದಡದಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿರುವ ಆಲ್ಕಟ್ರಾಜ್ ದ್ವೀಪದಲ್ಲಿ 1934ರಿಂದ 1963ರವರೆಗೆ ಕೇಂದ್ರ ಸರ್ಕಾರದ ಸೆರೆಮನೆಯಿತ್ತು. ಸುತ್ತಲಿನ ತಣ್ಣೀರು ಮತ್ತು ಬಲವಾದ ಉಬ್ಬರವಿಳಿತದ ಸೆಳೆತಗಳು ಅದರ ಇನ್ನೊಂದು ಗೋಡೆಯಂತಿದ್ದವು. 1962ರ ಜೂನ್‌ನಲ್ಲಿ ತಪ್ಪಿಸಿಕೊಂಡ ಫ್ರಾಂಕ್ ಮಾರಿಸ್ ಮತ್ತು ಆಂಗ್ಲಿನ್ ಸಹೋದರರು ಏನಾದರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಎಂಬ ಕೈದಿ ಈಜಿ ದಡ ಸೇರಿದನು. ಆದರೆ ಗೋಲ್ಡನ್ ಗೇಟ್ ಸೇತುವೆಯ ಕೆಳಗಿನ ಫೋರ್ಟ್ ಪಾಯಿಂಟ್ ಬಳಿ ಹೈಪೊಥರ್ಮಿಯಾದಿಂದ ಬಳಲಿ ಬಿದ್ದಿದ್ದ ಸ್ಥಿತಿಯಲ್ಲಿ ಅವನು ಮತ್ತೆ ಸೆರೆಸಿಕ್ಕನು. ಇಂದು ಇದೇ ದೂರವನ್ನು ತರಬೇತಿ ಪಡೆದ ಈಜುಗಾರರು ಬೆಂಗಾವಲು ದೋಣಿಗಳೊಂದಿಗೆ, ಉಬ್ಬರವಿಳಿತದ ವೇಳೆಯನ್ನು ಲೆಕ್ಕಹಾಕಿ, ನಿಯಮಿತವಾಗಿ ಕ್ರಮಿಸುತ್ತಾರೆ. ಹಾಗಾಗಿ ಈ ನೀರು ದಾಟಲಾಗದ್ದಲ್ಲ. ಸಿದ್ಧತೆಯೇ ಅಲ್ಲಿ ಫಲಿತಾಂಶವನ್ನು ಬದಲಿಸುತ್ತದೆ.

ತೀರದಿಂದ ಸುಮಾರು 45 ಕಿಲೋಮೀಟರ್ ಆಚೆಗಿರುವ ಫ್ಯಾರಲಾನ್ ದ್ವೀಪಗಳಿಂದ ದಡಕ್ಕೆ ಈಜುವುದನ್ನು ಅತ್ಯಂತ ಕಠಿಣ ಈಜುಗಳಲ್ಲಿ ಒಂದೆಂದು ಎಣಿಸುತ್ತಾರೆ. 1967ರಲ್ಲಿ ಸ್ಟೂವರ್ಟ್ ಇವಾನ್ಸ್ ಮತ್ತು ಟೆಡ್ ಎರಿಕ್ಸನ್ ಬೇರೆ ಬೇರೆಯಾಗಿ ಇದನ್ನು ಸಾಧಿಸಿದರು. 2015ರಲ್ಲಿ ಕಿಂಬರ್ಲಿ ಚೇಂಬರ್ಸ್ ಈ ದ್ವೀಪಗಳ ಮತ್ತು ಗೋಲ್ಡನ್ ಗೇಟ್ ಸೇತುವೆಯ ನಡುವಿನ ದೂರವನ್ನು ಈಜಿದ ಮೊದಲ ಮಹಿಳೆಯಾದರು.

## ತಂಪಿನೊಂದಿಗೆ ಕೂಡುವ ಇತರ ಅಪಾಯಗಳು

ಸ್ಯಾನ್ ಫ್ರಾನ್ಸಿಸ್ಕೊದ ಓಶನ್ ಬೀಚ್‌ನಂತಹ ತೆರೆದ ತೀರಗಳಲ್ಲಿ ದಡದಿಂದ ಕಡಲಿನತ್ತ ರಭಸವಾಗಿ ಹರಿಯುವ ರಿಪ್ ಪ್ರವಾಹಗಳು ಸಾಮಾನ್ಯ. ಬೆಚ್ಚನೆಯ ನೀರಿನಲ್ಲಿ ಇಂತಹ ಸೆಳೆತಕ್ಕೆ ಸಿಕ್ಕವರು ತೇಲುತ್ತಾ ಸಹಾಯಕ್ಕಾಗಿ ಬಹಳ ಹೊತ್ತು ಕಾಯಬಹುದು. ತಣ್ಣೀರಿನಲ್ಲಿ ಆ ಕಾಲಾವಕಾಶ ಕೆಲವೇ ನಿಮಿಷಗಳಷ್ಟು. ಇದಲ್ಲದೆ, ಶಾಂತವಾಗಿ ಕಾಣುವ ಕಡಲಿನಿಂದ ಇದ್ದಕ್ಕಿದ್ದಂತೆ ಬಹಳ ಮೇಲಕ್ಕೆ ನುಗ್ಗಿಬರುವ ಅಲೆಗಳು ದಡದಲ್ಲಿ ಅಥವಾ ಬಂಡೆಯ ಮೇಲೆ ನಿಂತವರನ್ನೂ ಸೆಳೆದೊಯ್ಯುತ್ತವೆ. ಹೀಗಾಗಿ ಈಜುವ ಉದ್ದೇಶವೇ ಇಲ್ಲದವರೂ ಬಟ್ಟೆ, ಬೂಟುಗಳ ಸಮೇತ ತಣ್ಣೀರಿಗೆ ಬೀಳುವ ಸಂಭವವಿದೆ. ಈ ಭಾಗದಲ್ಲಿ ದೊಡ್ಡ ಬಿಳಿ ಶಾರ್ಕ್‌ಗಳೂ ಇವೆಯಾದರೂ ಅವುಗಳ ದಾಳಿ ಅಪರೂಪ.

## ಮುನ್ನೆಚ್ಚರಿಕೆ ಮತ್ತು ಪ್ರಥಮ ಚಿಕಿತ್ಸೆ

ತಣ್ಣೀರಿನ ಸುರಕ್ಷತೆಯ ಕುರಿತು ಸಾಮಾನ್ಯವಾಗಿ ನೀಡಲಾಗುವ ಸಲಹೆಗಳು ಇವು:

* ನೀರಿಗಿಳಿಯುವ ಮುನ್ನ ಆ ದಿನದ ನೀರಿನ ತಾಪಮಾನ, ಅಲೆಯ ಎತ್ತರ ಮತ್ತು ಉಬ್ಬರವಿಳಿತದ ವೇಳೆಯನ್ನು ತಿಳಿದುಕೊಳ್ಳುವುದು.
* ಹಾರದೆ, ಧುಮುಕದೆ, ನಿಧಾನವಾಗಿ ನಡೆದು ಇಳಿಯುವುದು. ಉಸಿರಾಟ ಹತೋಟಿಗೆ ಬರುವವರೆಗೆ ಕಾಲು ನಿಲುಕುವಲ್ಲೇ ಇರುವುದು.
* ಒಂಟಿಯಾಗಿ ಈಜದಿರುವುದು; ಜೀವರಕ್ಷಕರಿರುವ ತೀರವನ್ನು ಆರಿಸಿಕೊಳ್ಳುವುದು; ತೀರಕ್ಕೆ ಸಮಾನಾಂತರವಾಗಿ ಈಜುವುದು.
* ಮದ್ಯ ಸೇವಿಸಿ ನೀರಿಗಿಳಿಯದಿರುವುದು.
* ಆಕಸ್ಮಿಕವಾಗಿ ನೀರಿಗೆ ಬಿದ್ದರೆ ಕೂಡಲೇ ಈಜಲು ಯತ್ನಿಸದೆ, ಮುಖ ಮೇಲೆ ಮಾಡಿ, ಕೈಕಾಲು ಚಾಚಿ, ಏದುಸಿರು ಶಮನವಾಗುವವರೆಗೆ ತೇಲುವುದು. ಬ್ರಿಟನ್ನಿನ ರಾಷ್ಟ್ರೀಯ ಜೀವರಕ್ಷಕ ದೋಣಿ ಸಂಸ್ಥೆಯು ‘ಬದುಕಲು ತೇಲಿ’ ಎಂಬ ಸಂದೇಶದ ಮೂಲಕ ಈ ಕ್ರಮವನ್ನು ಪ್ರಚಾರ ಮಾಡುತ್ತಿದೆ.
* ಮುಳುಗುತ್ತಿರುವವರನ್ನು ಕಂಡಾಗ ಸಿದ್ಧತೆಯಿಲ್ಲದೆ ನೀರಿಗೆ ಹಾರದೆ, ತೇಲುವ ವಸ್ತುವನ್ನು ಎಸೆದು, ತುರ್ತು ಸಹಾಯಕ್ಕೆ ಕರೆಮಾಡುವುದು. ಅಮೆರಿಕದಲ್ಲಿ ತುರ್ತು ಸಂಖ್ಯೆ 911.

ಹೈಪೊಥರ್ಮಿಯಾಕ್ಕೆ ಒಳಗಾದವರನ್ನು ಮಲಗಿದ ಸ್ಥಿತಿಯಲ್ಲಿಯೇ, ಅಲುಗಾಡಿಸದೆ ಸಾಗಿಸಬೇಕು. ಒದ್ದೆ ಬಟ್ಟೆ ತೆಗೆದು, ಒಣಗಿಸಿ, ಕಂಬಳಿ ಹೊದಿಸಿ, ತಲೆಯನ್ನೂ ಮುಚ್ಚಬೇಕು. ಕೈಕಾಲುಗಳನ್ನು ತಿಕ್ಕುವುದು, ಬಿಸಿನೀರಿನ ಸ್ನಾನ ಮಾಡಿಸುವುದು ಮತ್ತು ಮದ್ಯ ಕೊಡುವುದು ಅಪಾಯಕಾರಿ. ಪೂರ್ಣ ಎಚ್ಚರವಿದ್ದು, ನುಂಗಲು ಶಕ್ತರಾಗಿದ್ದರೆ ಮಾತ್ರ ಬೆಚ್ಚನೆಯ ಸಿಹಿ ಪಾನೀಯ ಕೊಡಬಹುದು.

## ತಾಪಮಾನದ ಮಾಪನ

ಅಮೆರಿಕದ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತವು ತೇಲುಬುರುಡೆಗಳು ಮತ್ತು ಉಬ್ಬರವಿಳಿತ ಮಾಪನ ಕೇಂದ್ರಗಳ ಮೂಲಕ ನೀರಿನ ತಾಪಮಾನವನ್ನು ಅಳೆದು ಸಾರ್ವಜನಿಕರಿಗೆ ಪ್ರಕಟಿಸುತ್ತದೆ. 1854ರಿಂದ ಕೆಲಸ ಮಾಡುತ್ತಿರುವ ಸ್ಯಾನ್ ಫ್ರಾನ್ಸಿಸ್ಕೊದ ಉಬ್ಬರವಿಳಿತ ಕೇಂದ್ರದಿಂದಲೂ ನೀರಿನ ತಾಪಮಾನದ ಮಾಹಿತಿ ದೊರೆಯುತ್ತದೆ. ಉಪಗ್ರಹಗಳು ವಿಶಾಲ ಪ್ರದೇಶದ ಚಿತ್ರಣ ಕೊಡುತ್ತವೆಯಾದರೂ, ಅವುಗಳ ಅವಗೆಂಪು ಉಪಕರಣಗಳು ಮೇಲ್ಮೈಯ ತೆಳುಪದರವನ್ನು ಮಾತ್ರ ಅಳೆಯುತ್ತವೆ. ಮೋಡ ಮತ್ತು ಮಂಜು ಅವುಗಳಿಗೆ ಅಡ್ಡಿ. ತೇಲುಬುರುಡೆಗಳು ದಡದಿಂದ ದೂರದಲ್ಲಿರುವುದರಿಂದ, ಈಜುವ ಸ್ಥಳದ ತಾಪಮಾನ ಅವುಗಳ ಅಂಕಿಗಿಂತ ಎರಡು–ಮೂರು ಡಿಗ್ರಿ ಭಿನ್ನವಾಗಿರಬಹುದು.

## ಜೀವಸಂಕುಲದ ಮೇಲೆ ಪ್ರಭಾವ

ಈಜುಗಾರರಿಗೆ ತೊಡಕಾಗುವ ಈ ತಂಪೇ ಕಡಲಿನ ಸಮೃದ್ಧಿಯ ಮೂಲ. ಆಳದಿಂದ ಏರುವ ನೀರು ನೈಟ್ರೇಟ್ ಮತ್ತು ಫಾಸ್ಫೇಟ್‌ನಂತಹ ಪೋಷಕಾಂಶಗಳನ್ನು ಬಿಸಿಲು ತಲುಪುವ ಪದರಕ್ಕೆ ತರುತ್ತದೆ. ಇದರಿಂದ ಸೂಕ್ಷ್ಮ ಸಸ್ಯಜೀವಿಗಳು ಹುಲುಸಾಗಿ ಬೆಳೆದು, ಸಾರ್ಡಿನ್ ಮತ್ತು ಆಂಚೊವಿ ಮೀನುಗಳಿಗೂ, ಅವುಗಳ ಮೂಲಕ ಕಡಲಹಕ್ಕಿ, ಕಡಲಸಿಂಹ ಮತ್ತು ತಿಮಿಂಗಿಲಗಳಿಗೂ ಆಹಾರ ಒದಗುತ್ತದೆ.

## ಕರ್ನಾಟಕ ಕರಾವಳಿಯೊಂದಿಗೆ ಹೋಲಿಕೆ

ಕರ್ನಾಟಕದ ಕರಾವಳಿಯಲ್ಲಿ ಅರಬ್ಬೀ ಸಮುದ್ರದ ನೀರು ವರ್ಷವಿಡೀ ಬೆಚ್ಚಗಿದ್ದು, ಏಪ್ರಿಲ್–ಮೇ ತಿಂಗಳುಗಳಲ್ಲಿ 30 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನೈಋತ್ಯ ಮುಂಗಾರಿನ ಕಾಲದಲ್ಲಿ ಭಾರತದ ನೈಋತ್ಯ ತೀರದಲ್ಲಿಯೂ ಆಳದ ನೀರಿನ ಮೇಲೇರಿಕೆ ನಡೆಯುತ್ತದೆ. ಬೂತಾಯಿ ಮತ್ತು ಬಂಗುಡೆ ಮೀನುಗಳ ಸಮೃದ್ಧಿಗೆ ಇದು ಒಂದು ಕಾರಣ. ಆದರೆ ಮಳೆ ಮತ್ತು ನದಿಗಳಿಂದ ಬಂದ ಹಗುರವಾದ ಸಿಹಿನೀರು ಮೇಲೆ ಪದರವಾಗಿ ನಿಲ್ಲುವುದರಿಂದ, ಆಳದ ತಂಪು ಇಲ್ಲಿ ಮೇಲ್ಮೈಗೆ ಅಷ್ಟಾಗಿ ತಲುಪುವುದಿಲ್ಲ.

ಕರ್ನಾಟಕದ ತೀರದಲ್ಲಿ ಈಜುವವರ ಸಾವುಗಳಿಗೆ ಅಲೆ ಮತ್ತು ಸೆಳೆತ ಮುಖ್ಯ ಕಾರಣಗಳು, ತಂಪು ಕಾರಣವಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಕನ್ನಡಿಗರೂ ಸೇರಿದಂತೆ ಭಾರತೀಯ ಮೂಲದವರು ಗಣನೀಯ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಬೆಚ್ಚನೆಯ ಕಡಲು, ಕೆರೆ ಮತ್ತು ಹೊಳೆಗಳಲ್ಲಿ ಈಜು ಕಲಿತವರಿಗೆ ಶೀತ ಆಘಾತದ ಪೂರ್ವಾನುಭವ ಇರುವುದಿಲ್ಲ. ಆದ್ದರಿಂದ ಹೊಸದಾಗಿ ಆ ತೀರಕ್ಕೆ ಬಂದವರಿಗೆ, ಈಜು ಎಷ್ಟೇ ಚೆನ್ನಾಗಿ ಬರುತ್ತಿದ್ದರೂ, ನೀರಿನ ತಾಪಮಾನದ ತಿಳಿವಳಿಕೆ ಅತ್ಯಗತ್ಯ.